ಶ್ಯಾಮಲನ್ ಸಿನಿಮಾ: ಯಾವುದು ಮೊದಲು, ಯಾವುದು ಆಮೇಲೆ, ಯಾವುದು ಬೇಡವೇ ಬೇಡ

ಕೊನೆಯಲ್ಲಿ ಕಥೆಯನ್ನೇ ತಿರುಗಿಸುವ ಟ್ವಿಸ್ಟಿಗೆ ಹೆಸರಾದ ಹಾಲಿವುಡ್ ನಿರ್ದೇಶಕ ಎಂ. ನೈಟ್ ಶ್ಯಾಮಲನ್ ಸಿನಿಮಾ ನೋಡಬೇಕು, ಆದರೆ ಎಲ್ಲಿಂದ ಶುರು ಮಾಡೋದು ಗೊತ್ತಾಗ್ತಿಲ್ಲ ಅನ್ನುವವರು ಹುಬ್ಬಳ್ಳಿ-ಧಾರವಾಡದಲ್ಲಿ ಆಗಾಗ ಸಿಗುತ್ತಾರೆ. ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಪರೀಕ್ಷೆಗೆ ಓದುವ ಹುಡುಗರಿಗೆ ಒಂದು ತರಹದ ಸಿನಿಮಾ ಬೇಕು. ವಿದ್ಯಾನಗರದಲ್ಲಿ ಶನಿವಾರ ರಾತ್ರಿ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಟಿವಿ ಹಚ್ಚುವವರಿಗೆ ಇನ್ನೊಂದು ತರಹದ್ದು ಬೇಕು. ಇವರ ಜೊತೆಗೇ ಮೂರನೆಯವರೂ ಇದ್ದಾರೆ: "ಆ ಮನಷ್ಯಾಂದು ಬರೇ ಕಡೀ ಹತ್ತ್ ನಿಮಿಷದ ಆಟ ಅಲ್ರಿ? ಅದೊಂದ್ ಗೊತ್ತಾತಂದ್ರ ಮುಗೀತು."

ಮುಗಿಯೋದಿಲ್ಲ. ಯಾಕೆ ಅಂತ ಒಂದೊಂದೇ ಸಿನಿಮಾ ಹಿಡಿದು ಹೇಳುತ್ತೇನೆ. ಯಾವ ಸಿನಿಮಾದ ಕೊನೆಯ ಗುಟ್ಟನ್ನೂ ಇಲ್ಲಿ ಒಡೆದಿಲ್ಲ, ಆರಾಮಾಗಿ ಓದಿ.

ಗೊತ್ತಿಲ್ಲದವರಿಗೆ ಎರಡು ಮಾತು. ಶ್ಯಾಮಲನ್ ಹುಟ್ಟಿದ್ದು 1970ರಲ್ಲಿ, ಪುದುಚೇರಿಗೆ ಸೇರಿದ ಮಾಹೆಯಲ್ಲಿ. ಬೆಳೆದದ್ದು ಅಮೆರಿಕದ ಫಿಲಡೆಲ್ಫಿಯಾ ಹತ್ತಿರ. ಅಪ್ಪ ಅಮ್ಮ ಇಬ್ಬರೂ ಡಾಕ್ಟರು. ಮಗ ಮಾತ್ರ ಕ್ಯಾಮೆರಾ ಹಿಡಿದ. ಮೊದಲ ಸಿನಿಮಾ ‘ಪ್ರೇಯಿಂಗ್ ವಿತ್ ಆ್ಯಂಗರ್’ (1992) ತೆಗೆದದ್ದು ಚೆನ್ನೈನಲ್ಲಿ. 2008ರಲ್ಲಿ ಪದ್ಮಶ್ರೀ ಬಂತು. ಆಮೇಲಿನ ಸಿನಿಮಾಗಳ ಕಥೆ ಹೆಚ್ಚಾಗಿ ಫಿಲಡೆಲ್ಫಿಯಾ ಸುತ್ತಮುತ್ತಲೇ ನಡೆಯುತ್ತದೆ.

ಅಳೆಯೋದು ಹೇಗೆ

ಆರಿಸುವ ಮೊದಲು ನಾಲ್ಕು ಪ್ರಶ್ನೆ ಕೇಳಿಕೊಳ್ಳಿ.

ಮೊದಲನೆಯದೇ ದೊಡ್ಡದು. ಗುಟ್ಟು ಗೊತ್ತಾದ ಮೇಲೂ ಈ ಸಿನಿಮಾ ನೋಡಬಹುದಾ? ನಮ್ಮ ಕಡೆಯ ಸಣ್ಣಾಟ ‘ಸಂಗ್ಯಾ-ಬಾಳ್ಯಾ’ ನೆನಪಿಸಿಕೊಳ್ಳಿ. ಗೆಳೆಯ ಕೈಕೊಡುತ್ತಾನೆ, ಸಂಗ್ಯಾ ಸಾಯುತ್ತಾನೆ. ಇದು ಊರಿನ ಚಿಕ್ಕ ಹುಡುಗನಿಗೂ ಗೊತ್ತು. ಆದರೂ ಜನ ಕಂಬಳಿ ಹೊದ್ದುಕೊಂಡು ಬೆಳಗಿನವರೆಗೆ ಕೂರುತ್ತಾರೆ. ಬಾಳ್ಯಾ ಸಲುಗೆಯಿಂದ ಆಡುವ ಒಂದೊಂದು ಮಾತೂ, ಕೊನೆ ಗೊತ್ತಿರುವುದರಿಂದಲೇ, ಚುಚ್ಚುತ್ತದೆ. ಒಳ್ಳೆಯ ಟ್ವಿಸ್ಟ್ ಸಿನಿಮಾಕ್ಕೂ ನಾನು ಇದೇ ಅಳತೆ ಹಿಡಿಯುತ್ತೇನೆ. ಮೊದಲ ಸಲ ‘ಮುಂದೇನು’ ಅಂತ ನೋಡುತ್ತೀರಿ, ಎರಡನೇ ಸಲ ‘ಅಯ್ಯೋ, ಇಲ್ಲೇ ಹೇಳಿದ್ನಲ್ಲ’ ಅಂತ ನೋಡುತ್ತೀರಿ. ಎರಡನೇ ಸಲದ ಈ ಸುಖ ಇಲ್ಲದಿದ್ದರೆ ಅದು ಬರೀ ಒಗಟು. ಬಿಡಿಸಿದರೆ ಮುಗಿಯಿತು.

ಎರಡನೆಯದು, ಪಕ್ಕದಲ್ಲಿ ಯಾರು ಕೂತಿರುತ್ತಾರೆ? ಹೆದರಿಕೆ ಬೇರೆ, ರಕ್ತ ಬೇರೆ, ಮುಜುಗರ ಬೇರೆ. ಶ್ಯಾಮಲನ್ ಸಿನಿಮಾಗಳಲ್ಲಿ ಮೊದಲನೆಯದು ಜಾಸ್ತಿ, ಉಳಿದೆರಡು ಕಡಿಮೆ. ಆದರೆ ಎಲ್ಲದರಲ್ಲೂ ಹಾಗಿಲ್ಲ.

ಮೂರನೆಯದು, ಎಲ್ಲಿ ನೋಡುತ್ತೀರಿ? ಇವರ ಹಳೆಯ ಸಿನಿಮಾಗಳಲ್ಲಿ ಪಾತ್ರಗಳು ಪಿಸುಮಾತಿನಲ್ಲೇ ಮಾತಾಡುತ್ತವೆ. ಏಪ್ರಿಲ್ ತಿಂಗಳಲ್ಲಿ ಫ್ಯಾನ್ ಐದಕ್ಕಿಟ್ಟು, ಟಿವಿಯ ಸಣ್ಣ ಸ್ಪೀಕರಿನಲ್ಲಿ ಕೇಳಿದರೆ ಅರ್ಧ ಮಾತು ಗಾಳಿಗೆ ಹೋಗುತ್ತದೆ. ಇಂಗ್ಲಿಷ್ ಎಷ್ಟೇ ಬರಲಿ, ಸಬ್‌ಟೈಟಲ್ ಹಾಕಿಕೊಳ್ಳಿ.

ನಾಲ್ಕನೆಯದು ಖರ್ಚು ಮತ್ತು ಹೊತ್ತು. ಇಲ್ಲಿ ಹೆಚ್ಚಿನವು ಎರಡು ಗಂಟೆಯೊಳಗೆ ಮುಗಿಯುತ್ತವೆ. ಓಟಿಟಿಯಲ್ಲಿ ಇವತ್ತು ಇದ್ದದ್ದು ಮುಂದಿನ ತಿಂಗಳು ಇರೋದಿಲ್ಲ. ಹಾಗಾಗಿ ಶ್ಯಾಮಲನ್ ಒಬ್ಬನಿಗೋಸ್ಕರ ವರ್ಷದ ಚಂದಾ ಕಟ್ಟಬೇಡಿ. ಒಂದೆರಡು ನೋಡೋದಾದರೆ ಬಾಡಿಗೆಗೆ ತಗೊಳ್ಳೋದೇ ಅಗ್ಗ. ನಾಲ್ಕೈದು ನೋಡುವ ಹುಮ್ಮಸ್ಸಿದ್ದರೆ, ಅವುಗಳಲ್ಲಿ ಜಾಸ್ತಿ ಯಾವ ಆ್ಯಪ್‌ನಲ್ಲಿವೆ ಅಂತ ಹುಡುಕಿ ಒಂದು ತಿಂಗಳಿಗೆ ಮಾತ್ರ ಕಟ್ಟಿ.

ದಿ ಸಿಕ್ಸ್ತ್ ಸೆನ್ಸ್ (1999)

ಎಲ್ಲರೂ ಹೇಳುವ ಸಿನಿಮಾ. ಎಲ್ಲರೂ ಹೇಳುತ್ತಾರೆ ಅನ್ನೋದೇ ಇದರ ಶತ್ರು. ಸುಮಾರು 4 ಕೋಟಿ ಡಾಲರಿನಲ್ಲಿ ತೆಗೆದು ಜಗತ್ತಿನಾದ್ಯಂತ 67 ಕೋಟಿ ಡಾಲರ್ ಗಳಿಸಿತು. ಆರು ಆಸ್ಕರ್ ನಾಮನಿರ್ದೇಶನ ಬಂತು, ಒಂದೂ ಪ್ರಶಸ್ತಿ ಬರಲಿಲ್ಲ. ಸತ್ತವರು ಕಣ್ಣಿಗೆ ಕಾಣುತ್ತಾರೆ ಅನ್ನುವ ಒಬ್ಬ ಹುಡುಗ, ಅವನ ಭಯ ಬಿಡಿಸಲು ಬರುವ ಮಕ್ಕಳ ಮನಶ್ಶಾಸ್ತ್ರಜ್ಞ. ಇಷ್ಟು ಪೋಸ್ಟರ್ ನೋಡಿದವರಿಗೂ ಗೊತ್ತು.

ಅಡುಗೆಮನೆಯ ಒಂದು ದೃಶ್ಯ ನೋಡಿ. ಹುಡುಗ ಟೇಬಲ್ಲಿನಲ್ಲಿ ತಿಂಡಿಗೆ ಕೂತಿದ್ದಾನೆ. ಅಮ್ಮ ಒಗೆದ ಬಟ್ಟೆ ತರಲು ಪಕ್ಕಕ್ಕೆ ಹೋಗುತ್ತಾಳೆ. ಕ್ಯಾಮೆರಾ ಅವಳ ಹಿಂದೆಯೇ ಹೋಗಿ, ಅವಳ ಹಿಂದೆಯೇ ವಾಪಸ್ ಬರುತ್ತದೆ. ಬಂದರೆ ಅಡುಗೆಮನೆಯ ಕಪಾಟು, ಡ್ರಾಯರ್ ಎಲ್ಲ ಬಾಯಿ ತೆರೆದುಕೊಂಡಿವೆ. ಹುಡುಗ ಕೂತಲ್ಲೇ ಕೂತಿದ್ದಾನೆ. ಟೇಬಲ್ ಮೇಲೆ ಅವನ ಬೆವರಿದ ಅಂಗೈಯ ಗುರುತು ಮೆಲ್ಲಗೆ ಆರುತ್ತಿದೆ. ದೆವ್ವ ಕಾಣಲಿಲ್ಲ, ಕಿರುಚಾಟ ಇಲ್ಲ. ಟ್ವಿಸ್ಟಿಗೂ ಇದಕ್ಕೂ ಸಂಬಂಧವೇ ಇಲ್ಲ. ಕೊನೆಯ ಹತ್ತು ನಿಮಿಷ ಕತ್ತರಿಸಿ ಬಿಸಾಡಿದರೂ ಈ ದೃಶ್ಯ ಉಳಿಯುತ್ತದೆ. ಕೊನೆಕೊನೆಗೆ ಟ್ರಾಫಿಕ್ಕಿನಲ್ಲಿ ನಿಂತ ಕಾರಿನೊಳಗೆ ತಾಯಿ-ಮಗ ಮಾತಾಡುವ ಇನ್ನೊಂದು ದೃಶ್ಯವಿದೆ. ನನ್ನ ಮಟ್ಟಿಗೆ ಇಡೀ ಸಿನಿಮಾದ ನಿಜವಾದ ಕೊನೆ ಅದೇ. ಟ್ವಿಸ್ಟ್ ಅದರ ಮೇಲಿನ ತುಪ್ಪ.

ಗುಟ್ಟು ಯಾರೋ ಹೇಳಿಬಿಟ್ಟಿದ್ದಾರಾ? ಆದರೂ ನೋಡಿ, ನಿಮಗೆ ನೇರವಾಗಿ ಎರಡನೇ ಸಲದ ಸಿನಿಮಾ ಸಿಕ್ಕಿದೆ. ಕೆಂಪು ಬಣ್ಣ ಎಲ್ಲೆಲ್ಲಿ ಬರುತ್ತದೆ, ಯಾರು ಯಾರ ಜೊತೆ ಮಾತಾಡುತ್ತಾರೆ ಅಂತ ಕಣ್ಣಿಡಿ. ಚಿಕ್ಕ ಮಕ್ಕಳಿಗೆ ಬೇಡ, ರಾತ್ರಿ ಲೈಟ್ ಆರಿಸಲು ಬಿಡೋದಿಲ್ಲ.

ಅನ್‌ಬ್ರೇಕಬಲ್ (2000)

ನನ್ನ ಮೆಚ್ಚಿನದು ಇದು. ಆದರೆ ಎಲ್ಲರಿಗೂ ಮೊದಲು ಇದನ್ನೇ ಹೇಳೋದಿಲ್ಲ. ರೈಲು ಅಪಘಾತದಲ್ಲಿ ಎಲ್ಲರೂ ಸಾಯುತ್ತಾರೆ, ಒಬ್ಬ ಮಾತ್ರ ಒಂದು ಗೀರೂ ಇಲ್ಲದೆ ಎದ್ದು ಬರುತ್ತಾನೆ. ಯಾಕೆ? ಮೂಳೆ ಮುಟ್ಟಿದರೆ ಮುರಿಯುವ ಕಾಯಿಲೆಯ ಇನ್ನೊಬ್ಬನಿಗೆ ಆ ‘ಯಾಕೆ’ಯದ್ದೇ ಹುಚ್ಚು. ಬ್ರೂಸ್ ವಿಲ್ಲಿಸ್ ಮತ್ತು ಸ್ಯಾಮುಯೆಲ್ ಎಲ್. ಜ್ಯಾಕ್ಸನ್. ಇಬ್ಬರೂ ದನಿ ಏರಿಸದೆ ಮಾಡಿದ ಸಿನಿಮಾ.

ಮಾರ್ವೆಲ್‌ನ ‘ಐರನ್ ಮ್ಯಾನ್’ ಬಂದದ್ದು 2008ರಲ್ಲಿ. ಅದಕ್ಕಿಂತ ಎಂಟು ವರ್ಷ ಮೊದಲೇ, ಸೂಪರ್‌ಹೀರೋ ನಿಜವಾಗಿ ನಮ್ಮ ಪಕ್ಕದ ಮನೆಯಲ್ಲಿದ್ದರೆ ಅವನ ಹೆಂಡತಿ ಜೊತೆಗಿನ ಜಗಳ ಹೇಗಿರುತ್ತದೆ ಅಂತ ಈ ಮನುಷ್ಯ ಯೋಚಿಸಿದ. ನೆಲಮಾಳಿಗೆಯಲ್ಲಿ ಅಪ್ಪ ಭಾರ ಎತ್ತುವ ದೃಶ್ಯವಿದೆ. ತೂಕ ತೆಗಿ ಅಂದರೆ ಮಗ ತೆಗೆಯುವ ಬದಲು ಸೇರಿಸುತ್ತಾನೆ. ಎತ್ತಿಬಿಡುತ್ತಾನೆ ಅಪ್ಪ. ಇನ್ನಷ್ಟು, ಮತ್ತಷ್ಟು. ತೂಕದ ಬಿಲ್ಲೆಗಳೆಲ್ಲ ಮುಗಿದು ಕೊನೆಗೆ ಬಣ್ಣದ ಡಬ್ಬಿ ತೂಗುಹಾಕುತ್ತಾರೆ. ಮಗನ ಮುಖದಲ್ಲಿ ಹೆದರಿಕೆ, ಹೆಮ್ಮೆ ಎರಡೂ. ಫೈಟಿಂಗ್ ಇಲ್ಲದೆ ಹೀರೋ ಹುಟ್ಟುವುದನ್ನು ಹೀಗೆ ತೋರಿಸಿದವರು ಕಡಿಮೆ.

ಇದರ ತೊಂದರೆ ಅಂದರೆ ನಿಧಾನ. ನೀಲಿ-ಹಸಿರು ಮಿಶ್ರಿತ ಕತ್ತಲು. ಚಿಗರಿ ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ನೋಡಿದರೆ ಪರದೆಯಲ್ಲಿ ನಿಮ್ಮದೇ ಮುಖ ಕಾಣುತ್ತದೆ ಅಷ್ಟೇ. ರಾತ್ರಿ, ದೊಡ್ಡ ಪರದೆ, ತಾಳ್ಮೆ, ಈ ಮೂರೂ ಇದ್ದ ದಿನ ಹಾಕಿ.

ಸೈನ್ಸ್ (Signs, 2002)

ಪೆನ್ಸಿಲ್ವೇನಿಯಾದ ಒಂದು ತೋಟದ ಮನೆ. ಹೆಂಡತಿ ಸತ್ತ ಮೇಲೆ ದೇವರ ಮೇಲಿನ ನಂಬಿಕೆಯನ್ನೂ ಪಾದ್ರಿ ಕೆಲಸವನ್ನೂ ಬಿಟ್ಟ ಅಪ್ಪ, ಇಬ್ಬರು ಮಕ್ಕಳು, ತಮ್ಮ. ಹೊಲದಲ್ಲಿ ಬೆಳೆ ಮಲಗಿ ದೊಡ್ಡ ದೊಡ್ಡ ಚಿತ್ತಾರ ಮೂಡುತ್ತದೆ. ಅದು ಗೋವಿನಜೋಳದ ಹೊಲ. ಹಾವೇರಿ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆಳೆತ್ತರದ ಬೆಳೆಯೊಳಗೆ ರಾತ್ರಿ ಒಬ್ಬರೇ ಬ್ಯಾಟರಿ ಹಿಡಿದು ಹೋದವರಿಗೆ ಎಲೆಯ ಸರಸರ ಸದ್ದು ಗೊತ್ತು. ಮೆಲ್ ಗಿಬ್ಸನ್ ಹಾಗೆ ಹೋಗುತ್ತಾನೆ. ಬ್ಯಾಟರಿ ಕೈತಪ್ಪಿ ಬೀಳುತ್ತದೆ. ಎತ್ತಿ ಬೆಳಕು ಬಿಟ್ಟರೆ ಯಾವುದೋ ಒಂದು ಕಾಲು ದಂಟುಗಳ ನಡುವೆ ಒಳಗೆ ಸರಿಯುತ್ತದೆ. ಅಷ್ಟೇ ತೋರಿಸುತ್ತಾನೆ. ಸಾಕಾಗುತ್ತದೆ.

ಇಲ್ಲಿ ‘ಅವನೇ ಇವನು’ ಅನ್ನುವ ಜಾತಿಯ ಟ್ವಿಸ್ಟೇ ಇಲ್ಲ. ಮನೆಯಲ್ಲಿ ಅಲ್ಲಲ್ಲಿ ಬಿದ್ದಿದ್ದ ಸಣ್ಣಪುಟ್ಟ ಸಂಗತಿಗಳು ಕೊನೆಗೆ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಕೆಲವರಿಗೆ ಆ ಕೂಡಿಕೆ ತುಂಬಾ ಸಲೀಸು ಅನ್ನಿಸುತ್ತದೆ, ಆ ದೂರಿನಲ್ಲಿ ಸ್ವಲ್ಪ ಸತ್ಯವೂ ಇದೆ. ಆದರೆ ನಗು, ಹೆದರಿಕೆ, ಅಳು ಮೂರೂ ಒಂದೇ ಮನೆಯೊಳಗೆ ಇಷ್ಟು ಹದವಾಗಿ ಬೆರೆತದ್ದು ಇವರ ಬೇರೆ ಸಿನಿಮಾದಲ್ಲಿ ಇಲ್ಲ. ರಕ್ತ, ಮುಜುಗರ ಎರಡೂ ಇಲ್ಲದಷ್ಟು ಕಡಿಮೆ. ಹತ್ತು-ಹನ್ನೆರಡು ದಾಟಿದ ಮಕ್ಕಳ ಜೊತೆ ಕೂರಬಹುದು.

ದಿ ವಿಲೇಜ್ (2004)

ಜಾಸ್ತಿ ಬೈಸಿಕೊಂಡದ್ದು, ನನ್ನ ಪ್ರಕಾರ ಸುಮ್ನೆ ಬೈಸಿಕೊಂಡದ್ದು. ಸುತ್ತ ಕಾಡು, ಕಾಡಿನಲ್ಲಿ ಹೆಸರು ಹೇಳಬಾರದ ಪ್ರಾಣಿಗಳು, ಊರಿನಲ್ಲಿ ಕೆಂಪು ಬಣ್ಣ ನಿಷೇಧ. ಜಾಹೀರಾತಿನಲ್ಲಿ ಇದನ್ನು ಭೂತದ ಸಿನಿಮಾ ಅಂತ ಮಾರಿದರು. ಒಳಗೆ ಇದ್ದದ್ದು ಪ್ರೇಮಕಥೆ. ಬಿರಿಯಾನಿ ಅಂತ ಕರೆದು ಚಿತ್ರಾನ್ನ ಬಡಿಸಿದರೆ ಚಿತ್ರಾನ್ನ ಎಷ್ಟೇ ರುಚಿಯಾಗಿರಲಿ, ಉಂಡವರು ಬೈಯುತ್ತಾರಲ್ಲ, ಹಾಗಾಯಿತು. ನೀವೀಗ ಆ ಜಾಹೀರಾತು ನೋಡಿಲ್ಲ. ಅದೇ ನಿಮ್ಮ ಲಾಭ.

ಕಣ್ಣು ಕಾಣದ ಐವಿ, ಪ್ರಾಣಿ ಊರೊಳಗೆ ನುಗ್ಗಿದ ರಾತ್ರಿ ಬಾಗಿಲು ತೆರೆದು ಕತ್ತಲಿಗೆ ಕೈ ಚಾಚಿ ನಿಲ್ಲುತ್ತಾಳೆ. ತಾನು ಪ್ರೀತಿಸಿದವನು ಬಂದೇ ಬರುತ್ತಾನೆ ಅಂತ. ಎದುರಿಗೆ ಬೇರೆಯದೇ ಬರುತ್ತಿದೆ. ನಮಗೆ ಕಾಣುತ್ತದೆ, ಅವಳಿಗೆ ಕಾಣೋದಿಲ್ಲ. ಆ ಕೈ ಹಾಗೇ ಗಾಳಿಯಲ್ಲಿದೆ. ಮುಂದಿನದು ನೀವೇ ನೋಡಿ. ಜೇಮ್ಸ್ ನ್ಯೂಟನ್ ಹೊವಾರ್ಡ್ ಸಂಗೀತಕ್ಕೆ ಆಸ್ಕರ್ ನಾಮನಿರ್ದೇಶನ ಬಂತು. ಪಿಟೀಲು ನುಡಿಸಿದ್ದು ಹಿಲರಿ ಹಾನ್. ಸಂಗೀತದ ಕಿವಿಯಿರುವ ಧಾರವಾಡದವರು ಕಣ್ಣು ಮುಚ್ಚಿ ಕೇಳಿದರೂ ಬಾಡಿಗೆ ದುಡ್ಡು ಹುಟ್ಟುತ್ತದೆ. ಊರಿನ ಹಿರಿಯರು ಹಳೆಗಾಲದ ಗಡಸು ಇಂಗ್ಲಿಷಿನಲ್ಲಿ ಮಾತಾಡುತ್ತಾರೆ, ಅದೊಂದು ಅಡ್ಡಿ.

ಬಿದ್ದ ಕಾಲ

ಆಮೇಲೆ ಬಂದವು ‘ಲೇಡಿ ಇನ್ ದಿ ವಾಟರ್’ (2006), ‘ದಿ ಹ್ಯಾಪನಿಂಗ್’ (2008), ‘ದಿ ಲಾಸ್ಟ್ ಏರ್‌ಬೆಂಡರ್’ (2010), ‘ಆಫ್ಟರ್ ಅರ್ಥ್’ (2013). ಇವನ್ನು ನಾನು ಸಮರ್ಥಿಸಲು ಹೋಗೋದಿಲ್ಲ. ‘ಲೇಡಿ’ಯಲ್ಲಿ ಜಗತ್ತನ್ನೇ ಬದಲಿಸುವ ಲೇಖಕನ ಪಾತ್ರವನ್ನು ತಾನೇ ಮಾಡಿ, ಒಬ್ಬ ಸಿನಿಮಾ ವಿಮರ್ಶಕನನ್ನು ಕಾಡುಮೃಗದ ಬಾಯಿಗೆ ಕೊಟ್ಟ. ವಿಮರ್ಶಕರು ಬಿಡುತ್ತಾರಾ?

ಆದರೆ ಒಂದು ಗಮನಿಸಿ. ಅತಿ ಹೆಚ್ಚು ಉಗಿಸಿಕೊಂಡ ‘ಏರ್‌ಬೆಂಡರ್’ ಮತ್ತು ‘ಆಫ್ಟರ್ ಅರ್ಥ್’ ಎರಡರಲ್ಲೂ ಟ್ವಿಸ್ಟೇ ಇಲ್ಲ. ಒಂದಕ್ಕೆ ಸುಮಾರು 15 ಕೋಟಿ ಡಾಲರ್, ಇನ್ನೊಂದಕ್ಕೆ 13 ಕೋಟಿ ಸುರಿದರು. ‘ಏರ್‌ಬೆಂಡರ್’ ಟಿವಿಯ ಕಾರ್ಟೂನ್ ಸರಣಿಯಿಂದ ಬಂದ ಕಥೆ, ‘ಆಫ್ಟರ್ ಅರ್ಥ್’ ವಿಲ್ ಸ್ಮಿತ್ ಕೊಟ್ಟ ಕಥೆ. ಅಂದರೆ ಟ್ವಿಸ್ಟ್ ನಂಬಿಕೊಂಡು ಈ ಮನುಷ್ಯ ಕೆಟ್ಟದ್ದಲ್ಲ. ತನ್ನದಲ್ಲದ ಕಥೆಯನ್ನು, ತನಗೆ ಒಗ್ಗದ ದೊಡ್ಡ ದುಡ್ಡಿನಲ್ಲಿ ಮಾಡಲು ಹೋಗಿ ಕೆಟ್ಟದ್ದು. ಟ್ವಿಸ್ಟೇ ಇವನ ರೋಗ ಅನ್ನುವವರು ಇದಕ್ಕೆ ಉತ್ತರ ಹೇಳಬೇಕು.

ದಿ ವಿಸಿಟ್ (2015), ಸ್ಪ್ಲಿಟ್ (2016), ಗ್ಲಾಸ್ (2019)

ಆಮೇಲೆ ಮನೆಯ ಮೇಲೆ ಸಾಲ ತೆಗೆದು, ಸ್ವಂತ ದುಡ್ಡು ಸುಮಾರು 50 ಲಕ್ಷ ಡಾಲರ್ ಹಾಕಿ ‘ದಿ ವಿಸಿಟ್’ ಮಾಡಿದ. ಹತ್ತಿರ ಹತ್ತಿರ 10 ಕೋಟಿ ಡಾಲರ್ ಬಂತು. ಅಕ್ಕ-ತಮ್ಮ ಇಬ್ಬರು ಮೊದಲ ಸಲ ಅಜ್ಜ-ಅಜ್ಜಿ ಊರಿಗೆ ಹೋಗುತ್ತಾರೆ. ರಾತ್ರಿ ಒಂಬತ್ತೂವರೆ ಮೇಲೆ ರೂಮಿನಿಂದ ಹೊರಗೆ ಬರಬೇಡಿ ಅನ್ನುತ್ತಾನೆ ಅಜ್ಜ. ಮಕ್ಕಳೇ ಕ್ಯಾಮೆರಾ ಹಿಡಿದಂತೆ ತೆಗೆದದ್ದು. ಒಂದೂವರೆ ಗಂಟೆ ಚಿಲ್ಲರೆ, ನಗುವೂ ಇದೆ. ರೂಮಿನಲ್ಲಿ ನಾಲ್ಕು ಹುಡುಗರು ಕೂತು, ಗಿರಮಿಟ್ ಮಿರ್ಚಿ ಕಟ್ಟಿಸಿಕೊಂಡು ಬಂದು, ಕೂಗಾಡುತ್ತಾ ನೋಡಲು ಇದಕ್ಕಿಂತ ಒಳ್ಳೆಯದಿಲ್ಲ. ಒಂದೇ ಮಾತು: ಮನೆಯ ಅಜ್ಜ-ಅಜ್ಜಿ ಜೊತೆ ಮಾತ್ರ ನೋಡಬೇಡಿ. ಮಾರನೇ ದಿನ ಊಟಕ್ಕೆ ಕೂತಾಗ ಮುಖ ನೋಡೋದು ಕಷ್ಟ. ಹೇಸಿಗೆ ಅನ್ನಿಸುವ ದೃಶ್ಯವೂ ಒಂದೆರಡಿವೆ, ಮಿರ್ಚಿ ಮೊದಲೇ ತಿಂದು ಮುಗಿಸಿ.

‘ಸ್ಪ್ಲಿಟ್’ ಜೇಮ್ಸ್ ಮೆಕವಾಯ್‌ಗೋಸ್ಕರ ನೋಡಬೇಕು. ಒಂದೇ ದೇಹದಲ್ಲಿ ಹಲವು ವ್ಯಕ್ತಿಗಳು. ಅಂಗಿ ಬದಲಿಸದೆ, ಬರೀ ಹುಬ್ಬು ಮತ್ತು ಭುಜದಲ್ಲಿ ಆಳು ಬದಲಾಗುವ ಕಡೆ ಕಣ್ಣು ಕೀಳಲಾಗೋದಿಲ್ಲ. ಆದರೆ ಇದರ ಮೇಲಿನ ಒಂದು ಆಕ್ಷೇಪಕ್ಕೆ ನನ್ನದೂ ಒಪ್ಪಿಗೆ ಇದೆ. ಮನಸ್ಸಿನ ಕಾಯಿಲೆ ಇದ್ದವನೆಂದರೆ ಅಪಾಯಕಾರಿ ಅನ್ನುವ ಹಳೇ ಭಯವನ್ನು ಇದು ಇನ್ನಷ್ಟು ಬೆಳೆಸುತ್ತದೆ. "ಇವನ್ನ ಧಾರವಾಡಕ್ಕ ಕಳಸಬೇಕು ನೋಡ್" ಅನ್ನುವ ಹಾಳು ಜೋಕನ್ನು ಕೇಳಿ ಬೆಳೆದವರು ನಾವು. ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಇರುವ ಊರಲ್ಲಿ ಕೂತು ಈ ಸಿನಿಮಾ ನೋಡುವಾಗ ಅದು ನೆನಪಿರಲಿ. ಹುಡುಗಿಯರ ಅಪಹರಣ, ಮಕ್ಕಳ ಮೇಲಿನ ದೌರ್ಜನ್ಯದ ನೆರಳು ಇರುವುದರಿಂದ ಮನೆಮಕ್ಕಳ ಜೊತೆ ಬೇಡ.

‘ಅನ್‌ಬ್ರೇಕಬಲ್’, ‘ಸ್ಪ್ಲಿಟ್’, ‘ಗ್ಲಾಸ್’ ಇದೇ ಕ್ರಮದಲ್ಲಿ ನೋಡಿ. ಇಷ್ಟು ಹೇಳಿದರೂ ಅರ್ಧ ಗುಟ್ಟು ಹೇಳಿದ ಹಾಗೇ, ಆದರೆ ‘ಗ್ಲಾಸ್’ ಪೋಸ್ಟರಿನಲ್ಲೇ ಮೂವರೂ ಕೂತಿದ್ದಾರೆ, ಏನು ಮಾಡೋದು. ‘ಗ್ಲಾಸ್’ ಒಂದನ್ನೇ ನೋಡಿದರೆ ತಲೆಬುಡ ತಿಳಿಯೋದಿಲ್ಲ. ಮೂರರಲ್ಲಿ ಅದೇ ಉದ್ದ, ಅದರಲ್ಲೇ ಮಾತು ಜಾಸ್ತಿ. ಪಾತ್ರಗಳು ನಮಗೆ ಪಾಠ ಮಾಡುತ್ತವೆ.

ಈಚಿನವು

‘ಓಲ್ಡ್’ (2021): ಒಂದು ಸಮುದ್ರ ದಂಡೆ, ಅಲ್ಲಿ ಗಂಟೆಗಳಲ್ಲಿ ವರ್ಷಗಳು ಕಳೆಯುತ್ತವೆ. ಕಲ್ಪನೆ ಭಲೇ, ಸಂಭಾಷಣೆ ಸಪ್ಪೆ. ಕೊನೆಯ ವಿವರಣೆ ಬೇಕಿರಲಿಲ್ಲ. ಟ್ವಿಸ್ಟ್ ಬಗ್ಗೆ ದೂರುವವರು ಈ ಸಿನಿಮಾ ತೋರಿಸಿದರೆ ನಾನು ಬಾಯಿ ಮುಚ್ಚಿಕೊಳ್ಳುತ್ತೇನೆ. ‘ನಾಕ್ ಅಟ್ ದಿ ಕ್ಯಾಬಿನ್’ (2023) ಕಾದಂಬರಿ ಆಧರಿಸಿದ್ದು. ಇಡೀ ಜಗತ್ತು ಉಳಿಯಬೇಕಾದರೆ ನಿಮ್ಮ ಮೂವರಲ್ಲಿ ಒಬ್ಬರನ್ನು ಬಲಿ ಕೊಡಿ ಅಂತ ನಾಲ್ವರು ಅಪರಿಚಿತರು ಬಾಗಿಲು ಬಡಿಯುತ್ತಾರೆ. ಟ್ವಿಸ್ಟ್ ಅಂತ ಕಾಯಬೇಡಿ, ಅವರು ಹೇಳುವುದು ನಿಜವೋ ಸುಳ್ಳೋ ಅನ್ನುವ ಒಂದೇ ಎಳೆ. ದೊಡ್ಡವರಿಗೆ ಮಾತ್ರ.

‘ಟ್ರ್ಯಾಪ್’ (2024) ಬಗ್ಗೆ ಸ್ವಲ್ಪ ಹೇಳಬೇಕು. ಮಗಳನ್ನು ಸಂಗೀತ ಕಾರ್ಯಕ್ರಮಕ್ಕೆ ಕರೆತಂದ ಅಪ್ಪನೇ ಪೊಲೀಸರು ಹುಡುಕುತ್ತಿರುವ ಸರಣಿ ಕೊಲೆಗಾರ. ಇದನ್ನು ಟ್ರೇಲರಿನಲ್ಲೇ ಹೇಳಿಬಿಟ್ಟ. ಟ್ವಿಸ್ಟಿನ ಮನುಷ್ಯ ಅಂತ ಹೆಸರಾದವನು ಗುಟ್ಟನ್ನು ಮೊದಲೇ ಕೈಗೆ ಕೊಟ್ಟು, ‘ಈಗ ಇವನು ಹೇಗೆ ತಪ್ಪಿಸಿಕೊಳ್ಳುತ್ತಾನೆ ನೋಡಿ’ ಅಂದ. ಹಳೆಯ ಥ್ರಿಲ್ಲರ್ ನಿರ್ದೇಶಕ ಹಿಚ್ಕಾಕ್ ಹೇಳುತ್ತಿದ್ದ ಸಸ್ಪೆನ್ಸ್ ಇದೇ: ಟೇಬಲ್ ಕೆಳಗೆ ಬಾಂಬ್ ಇದೆ ಅಂತ ಪ್ರೇಕ್ಷಕನಿಗೆ ಗೊತ್ತಿರಬೇಕು, ಕೂತವರಿಗೆ ಗೊತ್ತಿರಬಾರದು. ಗಾಯಕಿಯ ಪಾತ್ರದಲ್ಲಿ ಶ್ಯಾಮಲನ್ ಮಗಳು ಸಲೇಕಾ ಇದ್ದಾರೆ, ಹಾಡುಗಳೂ ಅವರವೇ. ಎರಡನೇ ಅರ್ಧ ಹಳಿ ತಪ್ಪುತ್ತದೆ. ಹಗುರವಾಗಿ ಸಾಗುವುದರಿಂದ ಪ್ರಯಾಣದಲ್ಲಿ ಇಯರ್‌ಫೋನ್ ಹಾಕಿಕೊಂಡು ನೋಡಲು ನಡೆಯುತ್ತದೆ.

ಹಾಗಾದರೆ ನಿಮಗೆ ಯಾವುದು

ಗುಟ್ಟು ಇನ್ನೂ ಯಾರೂ ಹೇಳಿಲ್ಲವಾದರೆ ಇವತ್ತೇ ‘ದಿ ಸಿಕ್ಸ್ತ್ ಸೆನ್ಸ್’. ತಡ ಮಾಡಿದಷ್ಟೂ ಅಪಾಯ. ಯೂಟ್ಯೂಬಿನ ಒಂದು ತಂಬ್‌ನೇಲ್ ಸಾಕು ಕೆಡಿಸಲು. ಮನೆಮಂದಿ ಜೊತೆಗಾದರೆ ‘ಸೈನ್ಸ್’. ಗೆಳೆಯರ ಗುಂಪಿಗೆ ‘ದಿ ವಿಸಿಟ್’. ಗಂಡ-ಹೆಂಡತಿ ಇಬ್ಬರೇ ಇದ್ದು ನಿಧಾನದ ಸಿನಿಮಾ ಒಗ್ಗುತ್ತದೆ ಅಂದರೆ ‘ದಿ ವಿಲೇಜ್’. ಸೂಪರ್‌ಹೀರೋ ಸಿನಿಮಾ ನೋಡಿ ನೋಡಿ ಬೇಸರ ಬಂದವರಿಗೆ ‘ಅನ್‌ಬ್ರೇಕಬಲ್’, ಹಿಡಿಸಿದರೆ ಮಾತ್ರ ಮುಂದಿನ ಎರಡಕ್ಕೆ ದುಡ್ಡು ಹಾಕಿ. ‘ರಂಗಿತರಂಗ’ವನ್ನು ಎರಡನೇ ಸಲ ನೋಡಿ ಅಲ್ಲಲ್ಲಿ ಬಿಟ್ಟಿದ್ದ ಸುಳಿವು ಹೆಕ್ಕಿದವರು ನೀವಾಗಿದ್ದರೆ ಮೊದಲ ನಾಲ್ಕರಲ್ಲಿ ಯಾವುದೂ ನಿರಾಸೆ ಮಾಡೋದಿಲ್ಲ.

ಟ್ವಿಸ್ಟ್ ಅಂದರೇ ಆಗದವರಿಗೂ ಒಂದು ದಾರಿ ಇದೆ. ‘ಸೈನ್ಸ್’, ‘ಟ್ರ್ಯಾಪ್’, ‘ನಾಕ್ ಅಟ್ ದಿ ಕ್ಯಾಬಿನ್’ ಮೂರೂ ಟ್ವಿಸ್ಟಿನ ಮೇಲೆ ನಿಂತವಲ್ಲ. ಇವನ್ನು ನೋಡಿಯೂ ಇಷ್ಟವಾಗದಿದ್ದರೆ ಶ್ಯಾಮಲನ್ ನಿಮ್ಮವನಲ್ಲ, ಬಿಟ್ಟುಬಿಡಿ.

ಯಾವುದನ್ನೇ ಆರಿಸಿ, ಒಂದು ಕೆಲಸ ಮಾಡಿ. ನೋಡುವ ಮೊದಲು ಹೆಸರು ಹಾಕಿ ಹುಡುಕಬೇಡಿ. ಹುಡುಕು ಪೆಟ್ಟಿಗೆಯೇ ‘ಕ್ಲೈಮ್ಯಾಕ್ಸ್ ಎಕ್ಸ್‌ಪ್ಲೇನ್ಡ್’ ಅಂತ ಮುಂದೆ ತಂದಿಡುತ್ತದೆ. ಆ್ಯಪ್ ತೆರೆದು ನೇರ ಹಚ್ಚಿ. ಇನ್ನೂ ಎರಡರ ನಡುವೆ ಹೊಯ್ದಾಡುತ್ತಿದ್ದೀರಾ? ‘ಸೈನ್ಸ್’ ಹಾಕಿ.